ಅಕ್ಷರ ಸರಿಸುವ ಲೆಕ್ಕ

(ಕೊಚ್ಚಿಯಲ್ಲಿ ವಾಚನಾಲಯದ ಸದಸ್ಯರ ಮುಂದೆಯೂ, ಆಮೇಲೆ ತಿರುವನಂತಪುರದ ಕನ್ನಡ ಬಂಧುಗಳ ಮುಂದೆಯೂ ಮಾಡಿದ ಭಾಷಣದ ಬರಹರೂಪ)



ಇಂದು ಸಾಹಿತ್ಯದ ವಿಷಯವನ್ನು ಕೇಳಬಹುದೆಂದು ಬಂದವರು ನಮ್ಮನ್ನು ಮನ್ನಿಸಬೇಕು. ನಾವು ಹೇಳಹೊರಟಿರುವುದು ಮಕ್ಕಳ ಆಟದ ಒಂದು ಸಂಗತಿ. ಆಟವೆಂದು ಕೈಗೆತ್ತಿಕೊಂಡದ್ದು ಆರು ಭಾನುವಾರಗಳನ್ನು ನುಂಗಿ, ನಮಗೇ ಪಾಠ ಹೇಳಿತಾದ್ದರಿಂದ ಅದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆನ್ನಿಸಿತು.

ಬೇಸಗೆಯ ರಜೆಯಲ್ಲಿ ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುವುದು ತಮಗೆಲ್ಲ ತಿಳಿದೇ ಇದೆ. ಬರುವವರು ಹತ್ತು ಹನ್ನೆರಡು ಮಂದಿ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಶಾಲೆಯಲ್ಲಿ ಮಲಯಾಳವನ್ನೂ ಇಂಗ್ಲಿಷನ್ನೂ ಓದುತ್ತಾರೆ. ಕನ್ನಡ ಅವರ ಕಿವಿಯಲ್ಲಿ ಉಂಟು, ಕಣ್ಣಿನಲ್ಲಿ ಇಲ್ಲ. ಕಾಗುಣಿತವೆಂದರೆ ಆಕಳಿಕೆ. ಹೀಗಿರುವಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ತನ್ನ ಶಾಲೆಯ ಗಣಕದ ಪಾಠದಲ್ಲಿ ಗುಟ್ಟಿನ ಬರಹದ ಒಂದು ಪ್ರೋಗ್ರಾಮು ಬರೆಸಿದರೆಂದೂ, ಇಂಗ್ಲಿಷಿನ ಪ್ರತಿಯೊಂದು ಅಕ್ಷರವನ್ನೂ ಮೂರು ಮನೆ ಮುಂದಕ್ಕೆ ಸರಿಸಿದರೆ ಯಾರಿಗೂ ಅರ್ಥವಾಗದೆಂದೂ ಹೇಳಿ, "ಕನ್ನಡದಲ್ಲಿ ಇದು ಆಗ್ತದಾ ಮಾವ?" ಎಂದು ಕೇಳಿದಳು. ಏಕೆ ಆಗದು, ಖಂಡಿತ ಆಗುತ್ತದೆ ಎಂದುಬಿಟ್ಟೆವು. ಯೋಚಿಸದೆ ಕೊಟ್ಟ ಮಾತು ಅದು.

ಈ ಉಪಾಯ ಬಹಳ ಹಳೆಯದು. ರೋಮಿನ ಜೂಲಿಯಸ್ ಸೀಸರನು ತನ್ನ ಗುಟ್ಟಿನ ಕಾಗದಗಳನ್ನು ಹೀಗೆ ಮೂರು ಅಕ್ಷರ ಸರಿಸಿ ಬರೆಯುತ್ತಿದ್ದನೆಂದು ಅವನ ಚರಿತ್ರೆಯನ್ನು ಬರೆದ ಸ್ವೆಟೋನಿಯಸನು ಹೇಳಿದ್ದಾನೆ. ಮೊದಲನೆಯ ಅಕ್ಷರಕ್ಕೆ ಬದಲು ನಾಲ್ಕನೆಯದು, ಎರಡನೆಯದಕ್ಕೆ ಬದಲು ಐದನೆಯದು. ಕಡೆಯ ಅಕ್ಷರಗಳಿಗೆ ಬಂದಾಗ ಮತ್ತೆ ಮೊದಲಿಗೆ ಸುತ್ತಿಕೊಳ್ಳಬೇಕು. ಗಡಿಯಾರದಲ್ಲಿ ಹನ್ನೆರಡಾದ ಮೇಲೆ ಒಂದು ಬಂದ ಹಾಗೆ. ಎಷ್ಟು ಮನೆ ಸರಿಸಿತೆಂಬುದೇ ಕೀಲಿ. ಇಂಗ್ಲಿಷಿನಲ್ಲಿ ಇದಕ್ಕೆ ಹೆಚ್ಚು ತಲೆ ಬೇಡ. ಇಪ್ಪತ್ತಾರು ಅಕ್ಷರಗಳು ಗಣಕದೊಳಗೆ ಸಾಲಾಗಿ, ನಡುವೆ ಒಂದು ತೆರಪೂ ಇಲ್ಲದೆ ನಿಂತಿರುತ್ತವೆ. ಅಕ್ಷರದ ಸಂಖ್ಯೆಗೆ ಮೂರು ಕೂಡಿಸು, 26ನ್ನು ದಾಟಿದರೆ 26ನ್ನು ಕಳೆ. ಇಷ್ಟೇ.

ನಾವೂ ಹಾಗೆಯೇ ಮಾಡಿದೆವು. ಗಣಕಕ್ಕೆ ಅಕ್ಷರದ ಆಕಾರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಪ್ರಪಂಚದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಬಿಟ್ಟಿದ್ದಾರೆ. 'ಅ' ಎಂಬುದು 3205, 'ಕ' 3221, 'ಹ' 3257. ಮಕ್ಕಳಿಗೆ ಪ್ರಿಯವಾಗಲೆಂದು ಮೊದಲು ನಮ್ಮ ಊರಿನ ಹೆಸರನ್ನೇ ಹಾಕಿದೆವು: ಕೊಚ್ಚಿ.

ಕೊಚ್ಚಿಯಲ್ಲಿ ಎಷ್ಟು ಅಕ್ಷರ? ಮಕ್ಕಳು ಎರಡು ಎಂದರು. ನಾವೂ ಎರಡೇ ಎನ್ನುತ್ತೇವೆ. ಗಣಕ ಆರು ಎಂದಿತು! ಕ, ಅದರ ಮೇಲಿನ ಒಕಾರದ ಚಿಹ್ನೆ, ಚ, ಅದನ್ನು ಕೊಂದು ಒತ್ತಿಗೆ ಎಡೆಮಾಡುವ ಹಲಂತದ ಗುರುತು, ಇನ್ನೊಂದು ಚ, ಗುಡಿಸು. ಒಂದೊಂದಕ್ಕೂ ಮೂರು ಕೂಡಿಸಿದಾಗ ಆದದ್ದನ್ನು ಕೇಳಿ. 'ಕ' ಸರಿಯಾಗಿ 'ಘ' ಆಯಿತು. ಒಕಾರದ ಚಿಹ್ನೆ 3274, ಮೂರು ಕೂಡಿಸಿದರೆ 3277, ಅದು ಹಲಂತ. ಸ್ವರವಿದ್ದಲ್ಲಿ ಸ್ವರವೇ ಸತ್ತುಹೋಯಿತು. ಮೊದಲಿನ ಹಲಂತವು 3280ಕ್ಕೆ ಹೋಯಿತು. ಆ ಮನೆಯಲ್ಲಿ ಯಾರೂ ಇಲ್ಲ. ತೆರೆಯ ಮೇಲೆ ಒಂದು ಖಾಲಿ ಚೌಕ ಬಂತು. ಗುಡಿಸು ಹೋಗಿ ಊಕಾರದ ಕೊಂಬಾಯಿತು. ಎಲ್ಲ ಸೇರಿ ಘಕಾರಕ್ಕೆ ಝಕಾರದ ಒತ್ತು, ಆಮೇಲೆ ಚೌಕ, ಆಮೇಲೆ 'ಝೂ'. ಗುಟ್ಟಿನ ಬರಹವೆಂದರೆ ಓದಲು ಬಾರದ್ದಾಗಿರಬೇಕು ನಿಜ, ಆದರೆ ಕೈಯಲ್ಲಿ ಬರೆಯಲೂ ಬಾರದ್ದಾದರೆ ಅದನ್ನು ಕಾಗದದಲ್ಲಿ ಕಳುಹಿಸುವುದು ಹೇಗೆ?

ಇಲ್ಲಿ ಒಂದು ಮಾತು. ನಮ್ಮ ಅಕ್ಷರವೆಂಬುದು ಇಂಗ್ಲಿಷಿನ ಅಕ್ಷರದಂತೆ ಒಂಟಿಯಲ್ಲ. ವ್ಯಂಜನವು ಕುದುರೆ, ಸ್ವರವು ಸವಾರ. ಸವಾರನು ಅಕಾರವಾದರೆ ಕಣ್ಣಿಗೆ ಕಾಣುವುದೂ ಇಲ್ಲ. 'ಕ' ಎಂದು ಬರೆದಾಗ ಅದರೊಳಗಿನ ಅಕಾರಕ್ಕೆ ಗಣಕದಲ್ಲಿ ಸಂಖ್ಯೆಯೇ ಇಲ್ಲ. ಹೀಗಿರುವಲ್ಲಿ ಕುದುರೆಗೂ ಸವಾರನಿಗೂ ಒಂದೇ ಲೆಕ್ಕದಲ್ಲಿ ಮೂರು ಹೆಜ್ಜೆ ಹಾಕಿಸಿದರೆ ಇಬ್ಬರೂ ಬೀಳುತ್ತಾರೆ.

ಆದ್ದರಿಂದ ಎರಡನೆಯ ಭಾನುವಾರ ಸ್ವರಚಿಹ್ನೆಗಳನ್ನೂ ಹಲಂತ, ಅನುಸ್ವಾರ, ವಿಸರ್ಗಗಳನ್ನೂ ಅವಿದ್ದಲ್ಲಿಯೇ ಬಿಟ್ಟು ವ್ಯಂಜನಗಳನ್ನು ಮಾತ್ರ ಸರಿಸುವುದೆಂದು ನಿಶ್ಚಯಿಸಿದೆವು. ಇದರಲ್ಲೂ ಗಣಕದ ಸಂಖ್ಯೆಗಳನ್ನು ನಂಬುವ ಹಾಗಿಲ್ಲ. 'ನ' 3240, 'ಪ' 3242. ನಡುವಿನ 3241 ಖಾಲಿ. 'ಳ' 3251, 'ವ' 3253. ನಡುವೆ ಮತ್ತೆ ಖಾಲಿ. ನಮ್ಮ ಶಾಲೆಯ ವರ್ಣಮಾಲೆಯಲ್ಲಿ ಕಡೆಗೆ ಬರುವ ಳಕಾರ ಅಲ್ಲಿ ಲಕಾರದ ಮಗ್ಗುಲಲ್ಲಿ ಕುಳಿತಿದೆ. ರಕಾರಕ್ಕೂ ಲಕಾರಕ್ಕೂ ನಡುವೆ ನಾವು ಬಿಟ್ಟುಬಿಟ್ಟ ಹಳಗನ್ನಡದ 'ಱ' ಇದೆ. ಈ ತೆರಪುಗಳ ಕಾರಣವನ್ನು ಆಮೇಲೆ ಹೇಳುತ್ತೇವೆ. ಸದ್ಯಕ್ಕೆ, ಗಣಕದ ಸಾಲನ್ನು ಬದಿಗಿಟ್ಟು ನಮ್ಮದೇ ಪಟ್ಟಿಯನ್ನು ಅದಕ್ಕೆ ಕೊಡಬೇಕಾಯಿತೆಂದು ತಿಳಿಯಿರಿ. ವರ್ಗೀಯ 25, ಅವರ್ಗೀಯ 9, ಒಟ್ಟು 34 ವ್ಯಂಜನ.

ಈಗ ಕೆಲಸ ನಡೆಯಿತು. ಪಟ್ಟಿಯನ್ನು ಬರೆಯಬೇಕಾದವರು ಮಕ್ಕಳೇ. ಕ ಖ ಗ ಘ ಙ ಎಂದು ಕ್ರಮ ತಪ್ಪದೆ ಹೇಳಲು ಬಾರದೆ ಪ್ರೋಗ್ರಾಮು ಬರೆಯಲಾಗದು. ಕಾಗುಣಿತದಲ್ಲಿ ಆಕಳಿಸುತ್ತಿದ್ದವರು ಙಕಾರಕ್ಕೂ ಞಕಾರಕ್ಕೂ ಜಗಳ ತೆಗೆದರು. ಮಲಯಾಳವನ್ನು ಶಾಲೆಯಲ್ಲಿ ಕಲಿತವರಿಗೆ ಈ ಕ್ರಮ ಬಾಯಿಪಾಠವಾಗಿತ್ತು. ಎರಡು ಭಾಷೆಗೂ ಮಾಲೆ ಒಂದೇ, ಮಣಿಗಳ ಆಕಾರ ಮಾತ್ರ ಬೇರೆ. ಇದು ಅವರಿಗೆ ಅಂದಿನವರೆಗೆ ಹೊಳೆದೇ ಇರಲಿಲ್ಲ. ನಾವಾದರೂ ಎಂದು ಹೇಳಿಕೊಟ್ಟಿದ್ದೆವು?

ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಕಾರಕ್ಕೆ 1, ಳಕಾರಕ್ಕೆ 34 ಎಂದು ನಂಬರು ಹಾಕಿ, ಸರಿಸಿ ಬಂದ ಮೊತ್ತವನ್ನು 34ರಿಂದ ಭಾಗಿಸಿ ಶೇಷವನ್ನು ತೆಗೆದುಕೊಳ್ಳಲು ಗಣಕಕ್ಕೆ ಹೇಳಿದ್ದೆವು. ಎಲ್ಲ ಸರಿಹೋಯಿತು, ಷಕಾರ ಮಾತ್ರ ಮಾಯವಾಗುತ್ತಿತ್ತು. 'ಭಾಷೆ' ಎಂದು ಹಾಕಿದರೆ 'ರಾ' ಬಂದು ಅದರ ಪಕ್ಕದಲ್ಲಿ ಎಕಾರದ ಚಿಹ್ನೆಯೊಂದು ಮನೆಯಿಲ್ಲದೆ ನೇತಾಡುತ್ತಿತ್ತು. ಒಂದು ಗಂಟೆ ಹುಡುಕಿದೆವು. ಷಕಾರ 31ನೆಯದು, ಮೂರು ಕೂಡಿಸಿದರೆ 34, ಭಾಗಿಸಿದರೆ ಶೇಷ ಸೊನ್ನೆ. ಸೊನ್ನೆಯ ನಂಬರಿನ ಅಕ್ಷರ ನಮ್ಮ ಪಟ್ಟಿಯಲ್ಲಿ ಇಲ್ಲ! ಕಕಾರವನ್ನು ಸೊನ್ನೆಯೆಂದೂ ಳಕಾರವನ್ನು 33 ಎಂದೂ ಎಣಿಸಿದ ಕೂಡಲೆ 'ಭಾಷೆ' ಸರಿಯಾಗಿ 'ರಾಳೆ' ಆಯಿತು. ಇದನ್ನು ಕಂಡುಹಿಡಿದವಳು ಆ ಹುಡುಗಿಯೇ, ನಾವಲ್ಲ.

ಕೊಚ್ಚಿ 'ಘೊಝ್ಝಿ' ಆಯಿತು. ತಿರುವನಂತಪುರ 'ಧಿಶುಸಬಂಧಭುಶ' ಆಯಿತು. ಕನ್ನಡ 'ಘಬ್ಬತ'. ಇವು ಕಿವಿಗೆ ಒರಟಾದರೂ ಬಾಯಲ್ಲಿ ಆಡಬಹುದು, ಕೈಯಲ್ಲಿ ಬರೆಯಬಹುದು. 'ಅಮ್ಮ' ಎಂದು ಹಾಕಿದವನಿಗೆ 'ಅಲ್ಲ' ಎಂದು ಬಂತು. ಅವನು ಮನೆಗೆ ಹೋಗಿ ಅದನ್ನೇ ಕೂಗಿ ಬೈಗಳು ತಿಂದನೆಂದು ಮುಂದಿನ ವಾರ ತಿಳಿಯಿತು.

ಇನ್ನು ಇದರಲ್ಲಿ ಗುಟ್ಟು ಎಷ್ಟು ಉಳಿಯುತ್ತದೆಂದು ಕೇಳುವಿರಾದರೆ, ಏನೂ ಇಲ್ಲ. ಇರುವುದು 33 ಕೀಲಿ. ಒಂದೊಂದನ್ನೂ ಪರೀಕ್ಷಿಸಿದರೆ ಗಣಕಕ್ಕೆ ಕಣ್ಣುರೆಪ್ಪೆ ಹೊಡೆಯುವಷ್ಟು ಹೊತ್ತು, ಮನುಷ್ಯನಿಗೆ ಒಂದು ಸಂಜೆ. ಅಕ್ಷರಗಳು ಎಷ್ಟೆಷ್ಟು ಸಲ ಬರುತ್ತವೆಂದು ಎಣಿಸಿ ಇಂಥ ಬರಹವನ್ನು ಒಡೆಯುವ ವಿಧಾನವನ್ನು ಒಂಬತ್ತನೆಯ ಶತಮಾನದಲ್ಲೇ ಬಾಗ್ದಾದಿನ ಅಲ್‌ಕಿಂದಿ ಎಂಬ ವಿದ್ವಾಂಸನು ಬರೆದಿಟ್ಟಿದ್ದಾನೆ. ಕನ್ನಡದಲ್ಲಿ ಎಣಿಸುವ ಶ್ರಮವೂ ಬೇಡ. ಸ್ವರಗಳನ್ನು ನಾವು ಮುಟ್ಟಿಲ್ಲವಾದ್ದರಿಂದ 'ಇಷ್ಷ' ಎಂಬುದನ್ನು ಕಂಡೊಡನೆ ಇಕಾರದ ಮುಂದೆ ಇಮ್ಮಡಿ ಅಕ್ಷರವಿರುವ ನಿತ್ಯದ ಮಾತು 'ಇಲ್ಲ' ಅಲ್ಲದೆ ಇನ್ನಾವುದೆಂದು ಮಕ್ಕಳೇ ಹಿಡಿದುಬಿಟ್ಟರು. ಒಂದು ಅಕ್ಷರ ಸಿಕ್ಕರೆ ಕೀಲಿಯೇ ಸಿಕ್ಕಿತು. ಬ್ಯಾಂಕಿನ ಗುಟ್ಟು ಬರೆಯಲು ಇದನ್ನು ಯಾರೂ ಬಳಸಬೇಡಿ.

ನಡುವೆ ಒಂದು ವಾರ ಬಿಡುವು ಸಿಕ್ಕಿದಾಗ, ಹಿಂದಿನವರು ಈ ಕೆಲಸವನ್ನು ಹೇಗೆ ಮಾಡುತ್ತಿದ್ದರೆಂದು ಹುಡುಕಿದೆವು. ವಾತ್ಸ್ಯಾಯನನು ಎಣಿಸಿರುವ ಅರುವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತ ವಿಕಲ್ಪ ಎಂಬುದೊಂದು. ಮಾತನ್ನು ಪರರಿಗೆ ತಿಳಿಯದಂತೆ ಮರೆಮಾಡುವ ಕಲೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಗೂಢಚಾರರು ಸಂಜ್ಞಾಲಿಪಿಯಿಂದ ಸುದ್ದಿ ಕಳುಹಿಸಬೇಕೆಂದು ಇದೆ. ಆ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಗಳಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಅದೇ ಗ್ರಂಥವನ್ನು ವ್ಯಾಖ್ಯಾನ ಸಹಿತ 1924-25ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಹೊರತಂದವರು ಟಿ. ಗಣಪತಿ ಶಾಸ್ತ್ರಿಗಳು. ಮೈಸೂರಿಗೂ ತಿರುವನಂತಪುರಕ್ಕೂ ಇಂಥದೊಂದು ನೆಂಟಸ್ತಿಕೆ ಇದೆಯೆಂದು ಈ ಸಭೆಯಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು.

ಕಾಮಸೂತ್ರಕ್ಕೆ ಜಯಮಂಗಲಾ ಎಂಬ ವ್ಯಾಖ್ಯಾನವನ್ನು ಬರೆದ ಯಶೋಧರನು ಈ ಕಲೆಯ ಒಂದು ಬಗೆಗೆ ಮೂಲದೇವೀಯ ಎಂಬ ಹೆಸರನ್ನು ಕೊಟ್ಟು ಅಕ್ಷರಗಳ ಜೋಡಿಗಳನ್ನೇ ಹೇಳಿದ್ದಾನೆ. ಅಕಾರಕ್ಕೆ ಕಕಾರ ಜೋಡಿ, ಖಕಾರಕ್ಕೆ ಗಕಾರ, ಘಕಾರಕ್ಕೆ ಙಕಾರ, ಚಕಾರಕ್ಕೆ ಟಕಾರ, ಞಕಾರಕ್ಕೆ ಣಕಾರ, ತಕಾರಕ್ಕೆ ಪಕಾರ, ನಕಾರಕ್ಕೆ ಮಕಾರ, ಯಕಾರಕ್ಕೆ ಶಕಾರ, ರಕಾರಕ್ಕೆ ಷಕಾರ, ಲಕಾರಕ್ಕೆ ಸಕಾರ. ಒಂದಿದ್ದಲ್ಲಿ ಇನ್ನೊಂದನ್ನು ಹಾಕಬೇಕು, ಉಳಿದವು ಇದ್ದಂತೆಯೇ. ಬೀಗ ಹಾಕುವ ಕೀಲಿಯೇ ಬೀಗ ತೆಗೆಯುವ ಕೀಲಿ. ಸೀಸರನದಕ್ಕಿಂತ ಇದು ಜಾಣತನದ್ದು. ಸುತ್ತುವ ಲೆಕ್ಕವಿಲ್ಲ, ಶೇಷವಿಲ್ಲ, ಬರೆಯುವವನೂ ಓದುವವನೂ ಒಂದೇ ಪಟ್ಟಿಯನ್ನು ನೆನಪಿಟ್ಟರೆ ಸಾಕು. ಬಾಯಿಮಾತಿನಲ್ಲಿಯೂ ನಡೆಯುತ್ತದೆ.

ಇದೇ ಉಪಾಯ ಕೇರಳದಲ್ಲಿ ಮೂಲಭದ್ರಿ ಎಂಬ ಹೆಸರಿನಿಂದ ಬಳಕೆಯಲ್ಲಿತ್ತು. ಮಲಯಾಳಕ್ಕೇ ಮೀಸಲಾದ ಅಕ್ಷರಗಳಿಗೂ ಅಲ್ಲಿ ಜೋಡಿ ಕಟ್ಟಿದ್ದಾರೆ. 1729ರಿಂದ 1758ರವರೆಗೆ ತಿರುವಾಂಕೂರನ್ನು ಆಳಿದ ಮಾರ್ತಾಂಡವರ್ಮ ಮಹಾರಾಜನೂ ಅವನ ಕಡೆಯವರೂ ಶತ್ರುಗಳ ನಡುವೆ ಈ ಮಾತಿನಲ್ಲಿ ಗುಟ್ಟು ಆಡುತ್ತಿದ್ದರೆಂದು ಆ ಸೀಮೆಯಲ್ಲಿ ಹೇಳಿಕೆ. ಎಂಟುಮನೆಯ ಪಿಳ್ಳೆಗಳಿಗೆ ಹೆದರಿ ವೇಷ ಮರೆಸಿಕೊಂಡು ತಿರುಗಿದ ರಾಜನಿಗೆ ಇಂಥದು ಬೇಕಾಗಿದ್ದಿರಲೂಬಹುದು.

ನಮ್ಮ ಮಕ್ಕಳು ಮೂಲದೇವೀಯವನ್ನು ಕನ್ನಡಕ್ಕೆ ಹೂಡಿದರು. ಕೊಚ್ಚಿ ಏನಾಯಿತು ಗೊತ್ತೇ? 'ಒಟ್ಟಿ'! ಅಚ್ಚ ಕನ್ನಡದ ಮಾತು. ಹುಲ್ಲು ಒಟ್ಟಿದರು, ಸೌದೆ ಒಟ್ಟಿದರು ಎನ್ನುವುದಿಲ್ಲವೇ? ತಿರುವನಂತಪುರ 'ಪಿಷುವಮಂಪತುಷ' ಎಂಬ ಮಂತ್ರವಾಯಿತು. ಕನ್ನಡ ಎಂಬುದು 'ಅಮ್ಮಡ' ಆಯಿತು. ಹಾಗಾದರೆ ಅಮ್ಮ ಏನಾಗಬೇಕು? 'ಕನ್ನ'. ಕಳ್ಳ ಗೋಡೆಗೆ ಕೊರೆಯುವ ಕನ್ನ. ಮೂಲದೇವನೆಂಬವನು ನಮ್ಮ ಹಳೆಯ ಕಥೆಗಳಲ್ಲಿ ಧೂರ್ತರ ಶಿರೋಮಣಿ, ಕಳ್ಳತನದ ಶಾಸ್ತ್ರಕ್ಕೇ ಆಚಾರ್ಯನೆಂದು ಪ್ರಸಿದ್ಧ. ಅವನ ಹೆಸರಿನ ಲಿಪಿಯಲ್ಲಿ ಹೀಗಾದದ್ದು ಆಕಸ್ಮಿಕವೇ ಆದರೂ ನಗು ಬಾರದಿರಲಿಲ್ಲ.

ಅಕಾರವನ್ನು ಕಕಾರದೊಡನೆ ಜೋಡಿಸಿದ್ದೇಕೆಂದು ಮೊದಲಿಗೆ ನಮಗೆ ಅರ್ಥವಾಗಲಿಲ್ಲ. ಸ್ವರಕ್ಕೂ ವ್ಯಂಜನಕ್ಕೂ ಏನು ಸಂಬಂಧ? ಪ್ರೋಗ್ರಾಮು ಬರೆಯುವಾಗ ತಿಳಿಯಿತು. ಮಾತಿನ ಮೊದಲಿಗೆ ಬರುವ ಅ ಆ ಇ ಈಗಳು ವ್ಯಂಜನವಿಲ್ಲದ ಬರಿಯ ಸವಾರರು. ಆ ಖಾಲಿ ಜಾಗವನ್ನೇ ಒಂದು ವ್ಯಂಜನವೆಂದು ಎಣಿಸಿ ಕಕಾರದೊಡನೆ ಅದಲುಬದಲು ಮಾಡಿದರೆ, 'ಕೊ' ಇದ್ದಲ್ಲಿ 'ಒ', 'ಇ' ಇದ್ದಲ್ಲಿ 'ಕಿ' ತಾನಾಗಿ ಬರುತ್ತದೆ. ಸವಾರನನ್ನು ಮುಟ್ಟಬೇಕಾಗಿಲ್ಲ. ಎಷ್ಟು ಸೊಗಸಾದ ಯೋಚನೆ!

ಆದರೆ ಇಲ್ಲಿಯೂ ಒಂದು ಎಡವು ಇತ್ತು. 'ಅಕ್ಕ' ಎಂದು ಹಾಕಿದಾಗ ಗಣಕ ತಡವರಿಸಿತು. ಮೊದಲಿನ ಅಕಾರ ಕಕಾರವಾಯಿತು ಸರಿ, ಮುಂದಿನ ಕಕಾರದ ಒತ್ತು ಅಕಾರದ ಒತ್ತಾಗಬೇಕು. ಅಕಾರಕ್ಕೆ ಒತ್ತು ಎಲ್ಲಿದೆ? ಒತ್ತಕ್ಷರದಲ್ಲಿ ಸೇರಿದ ಕಕಾರವನ್ನು ಹಾಗೆಯೇ ಬಿಡುವುದೆಂದು ನಾವು ನಿಯಮ ಮಾಡಿಕೊಂಡೆವು. ಬಿಡಿಸುವಾಗಲೂ ಅದೇ ನಿಯಮ ನಡೆಯುವುದರಿಂದ ಗೊಂದಲವಿಲ್ಲ. ಅಕ್ಕ 'ಕಕ್ಕ' ಆದಳು. ವೇಂಬನಾಡಿನ ಹಿನ್ನೀರಿನಿಂದ ತೆಗೆದು ಮಾರುವ ಚಿಪ್ಪಿಗೆ ಮಲಯಾಳದಲ್ಲಿ ಅದೇ ಹೆಸರು. ಆ ಹೊತ್ತು ಕೋಣೆಯಲ್ಲಿದ್ದ ಅಕ್ಕಂದಿರು ಯಾರೂ ತಮ್ಮಂದಿರೊಡನೆ ಮನೆಗೆ ಹೋಗಲೊಲ್ಲದೆ ಕುಳಿತರು.

ಕುದುರೆಗೆ ಬೆಲೆ, ಸವಾರನಿಗೆ ಬೆಲೆಯಿಲ್ಲ ಎಂಬ ಈ ತತ್ತ್ವವು ಕೇರಳದ ಜ್ಯೋತಿಷಿಗಳಿಗೂ ಗಣಿತಜ್ಞರಿಗೂ ನಿತ್ಯದ ಮಾತು. ಅವರು ಸಂಖ್ಯೆಯನ್ನು ಅಕ್ಷರಗಳಲ್ಲಿ ಬರೆಯುವುದಕ್ಕೆ ಕಟಪಯಾದಿ ಎಂಬ ಕ್ರಮವನ್ನು ಬಳಸಿದರು. ಕ, ಟ, ಪ, ಯ ನಾಲ್ಕೂ ಒಂದು. ಅಲ್ಲಿಂದ ಮುಂದಕ್ಕೆ ಎಣಿಕೆ. ಯಾವ ಸ್ವರಚಿಹ್ನೆ ಹತ್ತಿದರೂ ಬೆಲೆ ಬದಲಾಗದು. ಒತ್ತಕ್ಷರದಲ್ಲಿ ಕಡೆಯ ವ್ಯಂಜನಕ್ಕೆ ಮಾತ್ರ ಬೆಲೆ. ಬರಿಯ ಸ್ವರ ಬಂದರೆ ಸೊನ್ನೆ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ಮಾಯಾಮಾಳವಗೌಳದಲ್ಲಿ 'ಮಾ' ಐದು, 'ಯಾ' ಒಂದು. ತಿರುಗಿಸಿದರೆ 15, ಅದು ಹದಿನೈದನೆಯ ಮೇಳ. ಧೀರಶಂಕರಾಭರಣ 29, ಖರಹರಪ್ರಿಯ 22. ಗುರುವಾಯೂರಪ್ಪನ ಮೇಲೆ ಹದಿನಾರನೆಯ ಶತಮಾನದಲ್ಲಿ ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳು ಬರೆದ ನಾರಾಯಣೀಯದ ಕಡೆಯ ಮಾತನ್ನು ಈ ಲೆಕ್ಕದಲ್ಲಿ ಓದಿದರೆ, ಗ್ರಂಥ ಮುಗಿದ ದಿನ ಕಲಿಯುಗದ ಎಷ್ಟನೆಯ ದಿನವೆಂದು ತಿಳಿಯುತ್ತದೆ: 17,12,210. ಭಕ್ತಿಯೂ ತೇದಿಯೂ ಒಂದೇ ಪದದಲ್ಲಿ!

ಈಗ ನಾವು ಮೊದಲು ಹೇಳದೆ ಉಳಿಸಿಕೊಂಡ ತೆರಪುಗಳ ವಿಷಯಕ್ಕೆ ಬರೋಣ. ನಮಗೆ ಮನಸ್ಸಿಗೆ ತಟ್ಟಿದ್ದು ಇದೇ.

ಭಾರತದ ಲಿಪಿಗಳಿಗೆ ಗಣಕದಲ್ಲಿ ಸ್ಥಳ ಮಾಡುವಾಗ, ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲಕ್ಕೂ ಮಾಲೆ ಒಂದೇ ಇರುವುದನ್ನು ಕಂಡು, ಇಸ್ಕಿ ಎಂಬ ಹೆಸರಿನ ಒಂದೇ ನಕ್ಷೆಯನ್ನು ಎಲ್ಲಕ್ಕೂ ಹಾಕಿದರು. ಯೂನಿಕೋಡಿನವರು 1988ರ ಆ ನಕ್ಷೆಯನ್ನೇ ಅನುಸರಿಸಿ ಲಿಪಿಗೊಂದು 128 ಮನೆಗಳ ಕೇರಿಯನ್ನು ಕಟ್ಟಿದರು. ಸರಕಾರಿ ನೌಕರರ ವಸತಿಗೃಹಗಳ ಸಾಲನ್ನು ನೆನಸಿಕೊಳ್ಳಿ. ಎಲ್ಲ ಮನೆಯಲ್ಲೂ ಅಡುಗೆಕೋಣೆ ಒಂದೇ ಕಡೆ, ಬಚ್ಚಲು ಒಂದೇ ಕಡೆ. ಒಬ್ಬರಿಗೆ ಬೇಡದ ಕೋಣೆ ಇದ್ದರೆ ಅದಕ್ಕೆ ಬೀಗ. ನಕಾರ ಪಕಾರಗಳ ನಡುವಿನ ಖಾಲಿ ಕೋಣೆ ತಮಿಳಿನ ಎರಡನೆಯ ನಕಾರದ್ದು. ಳಕಾರ ವಕಾರಗಳ ನಡುವಿನ 3252 ತಮಿಳರೂ ಮಲಯಾಳಿಗಳೂ ಇಂದಿಗೂ ಬಳಸುವ 'ೞ'ಕಾರದ್ದು. ಆಲಪ್ಪುೞ, ಕೋೞಿಕೋಡು ಎನ್ನುವಲ್ಲಿ ಬರುವುದು. ಹಳಗನ್ನಡದಲ್ಲಿ ನಮಗೂ ಆ ಅಕ್ಷರವಿತ್ತು. ಆದರೆ ಕನ್ನಡದ 'ೞ'ವನ್ನು ಅದರ ಕೋಣೆಯಲ್ಲಿ ಇಡದೆ ದೂರದ 3294ರಲ್ಲಿ ಇಟ್ಟರು. ಸಾಲದ್ದಕ್ಕೆ ಹೆಸರನ್ನೂ ತಪ್ಪಾಗಿ 'ಫ' ಎಂದು ಬರೆದರು. ಅಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಕಟ್ಟಳೆ. ತಪ್ಪೆಂದು ಪಕ್ಕದಲ್ಲಿ ಷರಾ ಬರೆದಿದ್ದಾರೆ, ಹೆಸರು ಹಾಗೆಯೇ ಇದೆ.

ಕನ್ನಡದ ಕೇರಿ ಮುಗಿದ ಕೂಡಲೆ, 3328ರಿಂದ, ಮಲಯಾಳದ ಕೇರಿ. ನೆರೆಮನೆ! ಆದ್ದರಿಂದ ಮಲಯಾಳದಲ್ಲಿ ಬರೆದ ಯಾವ ಅಕ್ಷರದಿಂದಲಾದರೂ 128 ಕಳೆದರೆ ಅದೇ ಅಕ್ಷರ ಕನ್ನಡ ಲಿಪಿಯಲ್ಲಿ ಬಂದು ನಿಲ್ಲುತ್ತದೆ. ಇಲ್ಲಿ ಕುದುರೆಯನ್ನೂ ಸವಾರನನ್ನೂ ಒಟ್ಟಿಗೆ ಸರಿಸಬಹುದು, ಏಕೆಂದರೆ ಎದುರು ಮನೆಯಲ್ಲಿ ಇಬ್ಬರಿಗೂ ಅದೇ ಸ್ಥಳ ಕಾದಿದೆ. ನಮ್ಮ ಮೊದಲ ದಿನದ ತಪ್ಪು ಪ್ರೋಗ್ರಾಮನ್ನೇ, ಮೂರರ ಬದಲು ಈ 128ನ್ನು ಕೀಲಿಯಾಗಿ ಕೊಟ್ಟು ಓಡಿಸಿದೆವು. ಕೊಚ್ಚಿ ಕೊಚ್ಚಿಯೇ ಆಗಿ ಬಂತು. ತಿರುವನಂತಪುರ 'ತಿರುವನನ್ತಪುರಂ' ಎಂದು ಬಂತು. ಸೊನ್ನೆಯ ಬದಲು ನಕಾರಕ್ಕೆ ಒತ್ತು, ಓದಲು ಅಡ್ಡಿಯಿಲ್ಲ. ಎರ್ನಾಕುಳ 'ಎಱಣಾಕುಳಂ' ಆಯಿತು. ಕನ್ನಡಿಗರು ಮರೆತ ಱಕಾರ ಎದ್ದು ಬಂತು. ಶಾಲೆಯ ಮಲಯಾಳ ಪಾಠವನ್ನು ಕನ್ನಡ ಲಿಪಿಯಲ್ಲಿ ಕಂಡು ಮಕ್ಕಳಿಗೆ ಹಬ್ಬ. ತಿಂಗಳುಗಟ್ಟಲೆ ಹೇಳಿದರೂ ಕನ್ನಡ ಅಕ್ಷರವನ್ನು ಹಿಡಿಯದಿದ್ದವರು, ತಮಗೆ ಗೊತ್ತಿದ್ದ ಪಾಠವೇ ಹೊಸ ಅಂಗಿ ತೊಟ್ಟು ಬಂದಾಗ ಅರ್ಧ ಗಂಟೆಯಲ್ಲಿ ಓದಿದರು.

ಆಗ ಏಳನೆಯ ತರಗತಿಯ ಒಬ್ಬ ಹುಡುಗ ತನ್ನ ಅಜ್ಜಿಯ ಊರಿನ ಹೆಸರನ್ನು ಮಲಯಾಳದಲ್ಲಿ ಒತ್ತಿದ. ಕಾಸರಗೋಡು. ತೆರೆಯ ಮೇಲೆ 'ಕಾಸ' ಎಂದು ಬಂತು, ಆಮೇಲೆ ಒಂದು ಖಾಲಿ ಚೌಕ, ಆಮೇಲೆ 'ಗೋಡ್'. ಹುಡುಗ ಸ್ವಲ್ಪ ಹೊತ್ತು ನೋಡಿದ. "ಅಜ್ಜಿಯ ಊರು ಕನ್ನಡದಲ್ಲಿ ಇಲ್ವಾ ಮಾವ?" ಎಂದ.

ಕೋಣೆಯಲ್ಲಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದೆವು. 1956ರ ನವೆಂಬರ್ ಒಂದರಂದು ಆ ಊರು ಕೇರಳಕ್ಕೆ ಸೇರಿದಂದಿನಿಂದ ನಮ್ಮಲ್ಲಿ ಎಷ್ಟೋ ಮಂದಿಯ ಮನೆಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬಂದದ್ದುಂಟು. ಆದರೆ ಹುಡುಗ ರಾಜಕೀಯ ಕೇಳಿರಲಿಲ್ಲ. ಅವನು ಕೇಳಿದ್ದು ಚೌಕದ ವಿಷಯ. ಅದಕ್ಕೆ ಉತ್ತರ ಕೊಡುವುದು ನಮ್ಮ ಕೈಯಲ್ಲಿತ್ತು.

ಮಲಯಾಳದಲ್ಲಿ ಸ್ವರವಿಲ್ಲದ ರ, ಲ, ಳ, ನ, ಣಗಳಿಗೆ ಚಿಲ್ಲು ಎಂಬ ಬೇರೆ ಆಕಾರಗಳಿವೆ. ಮೊದಲು ಅವನ್ನು ಗಣಕದಲ್ಲಿ ವ್ಯಂಜನ, ಹಲಂತ, ಮತ್ತು ಕಣ್ಣಿಗೆ ಕಾಣದ ಒಂದು ಬೆಸುಗೆಯ ಗುರುತು ಸೇರಿಸಿ ಬರೆಯುತ್ತಿದ್ದರು. ಅವಕ್ಕೆ ಸ್ವತಂತ್ರ ಸಂಖ್ಯೆ ಬೇಕೇ ಬೇಡವೇ ಎಂದು ಮಲಯಾಳದ ಗಣಕ ಪಂಡಿತರಲ್ಲಿ ವರ್ಷಗಟ್ಟಲೆ ಬಿರುಸಾದ ವಾದ ನಡೆಯಿತು. ಕಡೆಗೆ 2008ರಲ್ಲಿ ಯೂನಿಕೋಡಿನವರು ಚಿಲ್ಲುಗಳಿಗೆ ಕೇರಿಯ ತುದಿಯಲ್ಲಿ ಬೇರೆ ಮನೆಗಳನ್ನು ಕೊಟ್ಟರು. ಕನ್ನಡದ ಕೇರಿಯಲ್ಲಿ ಅದಕ್ಕೆ ಎದುರಾದ ಮನೆಗಳು ಖಾಲಿ. ಹಳೆಯ ರೀತಿಯಲ್ಲಿ ಒತ್ತಿದ ಕಾಸರಗೋಡು ಕನ್ನಡಕ್ಕೆ ರಕಾರದೊಡನೆ ಬರುತ್ತದೆ, ಹೊಸ ರೀತಿಯಲ್ಲಿ ಒತ್ತಿದ್ದು ಚೌಕದೊಡನೆ ಬರುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ. ನೆರೆಮನೆಯವರು ತಮ್ಮ ಅಗತ್ಯಕ್ಕೆ ಒಂದು ಕೋಣೆ ಕಟ್ಟಿಕೊಂಡರು, ಅಷ್ಟೆ.

ಹುಡುಗನನ್ನೇ ಕೂರಿಸಿ ಪ್ರೋಗ್ರಾಮಿಗೆ ಆರು ಸಾಲು ಸೇರಿಸಿದೆವು. ರಕಾರದ ಚಿಲ್ಲು ಕಂಡರೆ 128 ಕಳೆಯಬೇಡ, ಅದರ ಬದಲು ರಕಾರವನ್ನೂ ಹಲಂತವನ್ನೂ ಬರೆ. ಉಳಿದ ಚಿಲ್ಲುಗಳಿಗೂ ಹೀಗೆಯೇ. 'ೞ' ಕಂಡರೆ 3252ಕ್ಕೆ ಹೋಗಬೇಡ, 3294ಕ್ಕೆ ಹೋಗು. ಚೌಕ ಹೋಗಿ 'ಕಾಸರ್ಗೋಡ್' ಎಂದು ಬಂತು.

ಹುಡುಗ ಸಂತೋಷಪಡಬೇಕಾಗಿತ್ತು. ಅವನು ತಲೆಯಾಡಿಸಿ, "ಅಜ್ಜಿ ಹೀಗೆ ಹೇಳುದಿಲ್ಲ, ಕಾಸರಗೋಡು ಅಂತ ಹೇಳುದು" ಎಂದ. ಅವನು ಹೇಳಿದ್ದು ಸರಿ. ಮಲಯಾಳದಲ್ಲಿ ಕಡೆಗೆ ಹಾಕುವ ಚಂದ್ರಕ್ಕಲೆ ಎಂಬ ಗುರುತು ಕೆಲವೆಡೆ ಸ್ವರವಿಲ್ಲವೆಂದು ಸೂಚಿಸಿದರೆ ಕೆಲವೆಡೆ ಅರೆ ಉಕಾರವನ್ನು ಸೂಚಿಸುತ್ತದೆ. ಮಲಯಾಳಿಯು ನಾಲಗೆಯ ಅಭ್ಯಾಸದಿಂದ ಅದನ್ನು ತಿಳಿದು ಓದುತ್ತಾನೆ. ಗಣಕಕ್ಕೆ ಎರಡೂ ಒಂದೇ ಸಂಖ್ಯೆ. ಡಕಾರದ ಕೊಂಬನ್ನೂ, ರಕಾರದೊಳಗಿನ ಅಕಾರವನ್ನೂ ಸರಿಪಡಿಸುವ ಲೆಕ್ಕ ನಮಗೆ ತೋರಲಿಲ್ಲ. ಮಾತಿನ ಕಡೆಗೆ ಬರುವ ಪ್ರತಿಯೊಂದು ಹಲಂತಕ್ಕೂ ಉಕಾರ ಹಾಕು ಎಂದು ನಿಯಮ ಮಾಡಿ ನೋಡಿದೆವು. ಊರುಗಳ ಹೆಸರು ಕೆಲವು ಸರಿಯಾದವು, ಇಂಗ್ಲಿಷಿನಿಂದ ಬಂದ ಮಾತುಗಳೆಲ್ಲ ಕೆಟ್ಟವು. ಆ ನಿಯಮವನ್ನು ತೆಗೆದುಹಾಕಿ, ಆ ಎರಡು ಅಕ್ಷರಗಳನ್ನು ಹುಡುಗನೇ ಕೈಯಿಂದ ತಿದ್ದಿದ. ಆಮೇಲೆ ಅಜ್ಜಿಗೆ ಕಾಗದ ಬರೆದು, ಮೇಲ್ವಿಳಾಸವನ್ನು ಕನ್ನಡದಲ್ಲಿ ಒಮ್ಮೆ, ಅಂಚೆಯವರಿಗಾಗಿ ಮಲಯಾಳದಲ್ಲಿ ಒಮ್ಮೆ ಬರೆದ. ಒಳಗಿನ ಕಾಗದ ಮೂಲದೇವೀಯದಲ್ಲಿತ್ತು, ಜೊತೆಗೆ ಜೋಡಿಗಳ ಪಟ್ಟಿ. ಎಪ್ಪತ್ತು ದಾಟಿದ ಅಜ್ಜಿ ಅದನ್ನು ಬಿಡಿಸಿ ಅದೇ ಲಿಪಿಯಲ್ಲಿ ಉತ್ತರ ಬರೆದರು. ಎರಡು ಕಡೆ ತಪ್ಪಿತ್ತೆಂದು ಹುಡುಗ ನಮಗೆ ತೋರಿಸಿದ.

ಪ್ರೋಗ್ರಾಮನ್ನು ವಾಚನಾಲಯದ ಗಣಕದಲ್ಲಿ ಇಟ್ಟಿದ್ದೇವೆ. ಬೇಕಾದವರು ಬಂದು ನೋಡಬಹುದು, ತಪ್ಪು ಕಂಡರೆ ತಿದ್ದಬಹುದು. ಶಕಟರೇಫಕ್ಕೂ ರೞಕ್ಕೂ ಸೀಸರನ ಪಟ್ಟಿಯಲ್ಲಿ ಜಾಗ ಕೊಡಬೇಕೇ, ಕೊಟ್ಟರೆ ಎಲ್ಲಿ ಕೊಡಬೇಕು ಎಂಬುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಗಣಕ ಬೇಡದವರಿಗಾಗಿ ಮಕ್ಕಳು ರಟ್ಟಿನಿಂದ ಎರಡು ಚಕ್ರಗಳನ್ನು ಕತ್ತರಿಸಿ, 34 ಅಕ್ಷರಗಳನ್ನು ಬರೆದು, ನಡುವೆ ಗುಂಡುಸೂಜಿ ಚುಚ್ಚಿ ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದ್ದಾರೆ. ಹೊರಗಿನ ಕರಿಹಲಗೆಯ ಮೇಲೆ ಈ ಸಭೆಗೆ ಬಂದವರಿಗೆಂದು ಅವರೇ ಒಂದು ಸಾಲು ಬರೆದಿದ್ದಾರೆ. ಕೀಲಿ ಎಷ್ಟೆಂದು ನಮಗೂ ಹೇಳಲಿಲ್ಲ.

ಟಘಾ ಚುದಿಬೇ ಘೋಜಿ.